ನೀಲಗಂಗವ್ವನ ತಲೆಗೆ ಗಸ್ತು

ಅರಿವಳಿಕೆ ಕೊಡುವ ವೈದ್ಯರ ಹೆಸರನ್ನು ಯಾವ ರೋಗಿಯೂ ನೆನಪಿಟ್ಟುಕೊಳ್ಳುವುದಿಲ್ಲ. ಹೊಟ್ಟೆ ಕೊಯ್ದವರಿಗೆ ಶಾಲು, ಹಾರ, ಒಂದು ಕಿಲೋ ಫೇಡೆ. ಅಷ್ಟು ಹೊತ್ತು ತಲೆಯ ಹತ್ತಿರ ಕುಳಿತು ಉಸಿರು ಕಾದವರನ್ನು ಕಂಡರೆ ಮಾತ್ರ "ಇವ್ರು ಯಾರ್ರಿ?" ಎಂಬ ಪ್ರಶ್ನೆ. ಹುಬ್ಬಳ್ಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಜನರನ್ನು ಮಲಗಿಸಿ ಎಬ್ಬಿಸುತ್ತಿದ್ದ ಡಾಕ್ಟರ್ ಶಿವಲೀಲಾ ಮುಧೋಳ ಅವರಿಗೆ ಇದು ಅಭ್ಯಾಸವಾಗಿ ಹೋಗಿತ್ತು. ಅಭ್ಯಾಸವಾಗದೇ ಇದ್ದದ್ದು ಇನ್ನೊಂದು ಸಂಗತಿ. ಕರುಳಿನ ಆಪರೇಷನ್ ಸಲೀಸಾಗಿ ಮುಗಿದು, ಹೊಲಿಗೆ ಒಣಗಿ, ಎಲ್ಲರೂ ಕೈಮುಗಿದು ಮನೆಗೆ ಹೋದ ಮೇಲೆ ಮಗನೋ ಮಗಳೋ ಒಬ್ಬರೇ ತಿರುಗಿ ಬರುತ್ತಿದ್ದರು. ಬಾಗಿಲಲ್ಲಿ ನಿಂತು, "ಡಾಕ್ಟರ್ರ, ಅಪ್ಪ ಆರಾಮ ಅದಾನ್ರಿ. ಆದ್ರ ಮೊದಲಿನಂಗಿಲ್ರಿ" ಎನ್ನುತ್ತಿದ್ದರು.

ಮೊದಲಿನ ಹಾಗಿಲ್ಲ. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಉದ್ದುದ್ದದ ಹೆಸರುಗಳಿವೆ, ಮದ್ದಿಲ್ಲ. ವಯಸ್ಸಾದವರ ಕರುಳಿಗೆ ಕತ್ತರಿ ತಾಗಿದರೆ ಅಲ್ಲೆದ್ದ ಉರಿ ರಕ್ತದಲ್ಲಿ ಹತ್ತಿ ಮಿದುಳಿನ ತನಕ ಹೋಗುತ್ತದೆ. ಜೊತೆಗೆ ಮಲಗಿಸುವ ಔಷಧ ತುಸು ಹೆಚ್ಚಾದರೆ ಮಿದುಳಿನ ದಾರಿಗಳು ಮಸುಕಾಗುತ್ತವೆ, ಕಡಿಮೆಯಾದರೆ ನೋವಿಗೆ ಬೆಚ್ಚಿಬೀಳುತ್ತವೆ. ಎರಡರ ನಡುವಿನ ಸಣ್ಣ ಗೆರೆ ಎಲ್ಲಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಡೆ.

ಆ ಗೆರೆಯನ್ನು ಕಾಣುವ ಯಂತ್ರವೊಂದಿದ್ದರೆ? ಶಿವಲೀಲಾ ಮತ್ತು ಅವರ ಜೊತೆಗಾರರು ಎಂಟು ವರ್ಷ ಈ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ಕೊನೆಗೆ ಹುಟ್ಟಿದ ಯಂತ್ರಕ್ಕೆ ಕಂಪನಿಯವರು ನಾಲಿಗೆ ತಿರುಗದ ಹೆಸರಿಟ್ಟರು. ಆಪರೇಷನ್ ಥಿಯೇಟರಿನವರು ಅದನ್ನು ಗಸ್ತು ಎಂದು ಕರೆದರು, ಅದೇ ಉಳಿಯಿತು. ಹೆಸರು ತಕ್ಕದ್ದೇ ಆಗಿತ್ತು. ಹಣೆಗೆ ಅಂಟಿಸಿದ ಮೆತ್ತನೆಯ ಪಟ್ಟಿಯ ಮೂಲಕ ಅದು ಮಿದುಳಿನ ಓಣಿ ಓಣಿಯಲ್ಲೂ ಸಣ್ಣ ತರಂಗ ಕಳಿಸಿ ಯಾರು ಎದ್ದಿದ್ದಾರೆ, ಯಾರು ಮಲಗಿದ್ದಾರೆಂದು ನೋಡಿಕೊಂಡು ಬರುತ್ತಿತ್ತು. ಅದಕ್ಕೆ ತಕ್ಕಂತೆ ಔಷಧದ ಹನಿ ಬಿಡುತ್ತಿತ್ತು.

ಆದರೆ ಓಣಿ ಗೊತ್ತಿಲ್ಲದ ಪೊಲೀಸ ಗಸ್ತು ತಿರುಗಿ ಏನು ಪ್ರಯೋಜನ? ಅದಕ್ಕಾಗಿ ಆಪರೇಷನ್ನಿನ ಹಿಂದಿನ ದಿನ ರೋಗಿಯನ್ನು ಕೂಡಿಸಿ, ಪಟ್ಟಿ ಅಂಟಿಸಿ ಮಾತನಾಡಿಸಬೇಕು. ಹೆಸರೇನು, ಯಾಕೆ ಬಂದಿದ್ದೀರಿ, ನಿಮ್ಮ ಮನೆಯ ವಿಷಯ ಹೇಳಿ, ಸಿಟ್ಟು ಬರುವ ವಿಷಯ ಹೇಳಿ, ನಗು ಬರುವುದು ಹೇಳಿ. ಎಚ್ಚರವಾಗಿದ್ದಾಗ ಆ ಮಿದುಳು ಹೇಗೆ ಓಡುತ್ತದೆಂದು ಗಸ್ತು ಕಲಿಯುತ್ತದೆ. ಇದಕ್ಕೆ ಎಚ್ಚರದ ನಕ್ಷೆ ಎಂದು ಹೆಸರು. ಆಪರೇಷನ್ ನಡೆವಾಗ ಆ ನಕ್ಷೆ ಕೆಡದಷ್ಟೇ ಮಲಗಿಸಿ, ಆಮೇಲೆ ಕರುಳು ಮತ್ತೆ ಕೆಲಸ ಶುರುಮಾಡುವ ತನಕ ಗಸ್ತು ಆ ನಕ್ಷೆಯನ್ನು ಕಾಯುತ್ತದೆ. ನಕ್ಷೆಗಿಂತ ಮಿದುಳು ಮಂಕಾದರೆ ಹನಿ ಕಡಿಮೆ. ನಕ್ಷೆಯನ್ನು ಮೀರಿ ಭುಗಿಲೆದ್ದರೆ ಅದು ಭ್ರಮೆಯ ಆರಂಭ, ರೋಗಿ ನಳಿಕೆ ಕಿತ್ತೆಸೆದು ಎದ್ದು ಓಡುವ ಮುನ್ಸೂಚನೆ, ಆದ್ದರಿಂದ ಹನಿ ಹೆಚ್ಚು.

ಇಷ್ಟೇ ಯಂತ್ರ. ಬಹಳ ಜನರಿಗೆ ಅದು ಒಳ್ಳೆಯದನ್ನೇ ಮಾಡಿತ್ತು. ಅಷ್ಟರಲ್ಲಿ ಶಿವಲೀಲಾ ಅವರ ಅತ್ತೆ ನೀಲಗಂಗವ್ವನಿಗೆ ಕರುಳಿನ ಕ್ಯಾನ್ಸರ್ ಎಂದು ತಿಳಿದುಬಂತು.

ನೀಲಗಂಗವ್ವನ ಪರಿಚಯ ಮಾಡಿಕೊಡಬೇಕು. ಎಪ್ಪತ್ತಾರರ ಆ ಹೆಂಗಸಿಗೆ ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿಯ ಅರ್ಧ ಜನರ ಬೀಗತನ ಬಾಯಿಪಾಠವಾಗಿತ್ತು. ಯಾರ ಮನೆಯ ಹೆಣ್ಣು ಯಾರ ಮನೆ ಸೇರಿದೆ, ಅವರ ಬೆಡಗು, ಅಂದರೆ ತಮ್ಮೊಳಗೆ ಲಗ್ನವಾಗದ ಕುಲದ ಕವಲು, ಯಾವುದು, ಮೂರು ತಲೆಮಾರಿನ ಹಿಂದೆ ಯಾರು ಯಾರಿಗೆ ಅಣ್ಣತಮ್ಮಂದಿರಾಗಬೇಕು, ಯಾವ ಮದುವೆಯಲ್ಲಿ ಯಾವ ಕಾಕಾ ಮುನಿಸಿಕೊಂಡು ಊಟ ಬಿಟ್ಟೆದ್ದ, ಎಲ್ಲವೂ ಆಕೆಯ ತಲೆಯಲ್ಲಿತ್ತು. ಗಂಡು ಹೆಣ್ಣು ನೋಡುವ ಮೊದಲು ಜನ ಆಕೆಗೊಂದು ಫೋನ್ ಮಾಡುತ್ತಿದ್ದರು. ಆಕೆ 'ಆಗೂದಿಲ್ಲ' ಎಂದರೆ ಮುಗಿಯಿತು, ಆ ಸಂಬಂಧ ಅಲ್ಲಿಗೇ ನಿಂತಿತು. ಉಳಿದ ಹೊತ್ತು ಸೊಸೆಯ ಚಹಾವನ್ನು ಬೈಯುತ್ತಿದ್ದಳು.

"ಇದೇನ ಚಾನೋ, ಪಾತ್ರಿ ತೊಳದ ನೀರೋ?"

"ಬೇಕಾದ್ರ ಕುಡೀರಿ, ಇಲ್ಲಾಂದ್ರ ಬಿಡ್ರಿ ಅತ್ತಿ. ನನಗ ಥಿಯೇಟರಕ್ಕ ಹೊತ್ತಾತು."

"ಜನರನ್ನ ಮಲಗಸಾಕ ಇಷ್ಟ ಗಡಿಬಿಡಿ ಎದಕವ್ವಾ? ನಿನ್ನ ಚಾ ಕುಡಿಸು, ತಾವ ಮಲಗತಾರ."

ಇಪ್ಪತ್ತನಾಲ್ಕು ವರ್ಷ ಹೀಗೇ ನಡೆದಿತ್ತು. ಇಬ್ಬರಲ್ಲಿ ಒಬ್ಬರೂ ಸೋತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಒಬ್ಬರಿಗೊಬ್ಬರು ಮುಖಕ್ಕೆ ಹೊಡೆದಂತೆ ಮಾತನಾಡುತ್ತಿದ್ದವರು ಅವರಿಬ್ಬರೇ.

ರೋಗದ ವಿಷಯ ತಿಳಿದ ದಿನ ಶಿವಲೀಲಾ ಅವರ ಗಂಡ ಬಸವಪ್ರಭು ಪಂಪ್‌ಸೆಟ್ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಮನೆಗೆ ಬಂದ. ಬೈಲಹೊಂಗಲದಿಂದ ತಂಗಿ ಸುವರ್ಣಾ ಓಡಿಬಂದಳು. ಅಣ್ಣ ತಂಗಿ ಅಡುಗೆಮನೆಯಲ್ಲಿ ನಿಂತು ಪಿಸುಮಾತಿನಲ್ಲಿ ತೀರ್ಮಾನ ಮಾಡಿಬಿಟ್ಟರು.

"ಅವ್ವಗ ಹೇಳೂದ ಬ್ಯಾಡ" ಎಂದ ಬಸವಪ್ರಭು. "ಕರುಳಿನಾಗ ಗಂಟ ಐತಿ, ತಗೀತಾರ ಅಂತ ಹೇಳೂಣು. ಆ ಹೆಸರ ಕೇಳಿದ್ರ ಅಕಿ ಧೈರ್ಯಾನ ಹೋಗತೈತಿ."

"ಅವ್ರ ಧೈರ್ಯಾನೋ, ನಿಮ್ಮ ಧೈರ್ಯಾನೋ?" ಎಂದರು ಶಿವಲೀಲಾ.

"ಡಾಕ್ಟರ್ಕಿ ಆಸ್ಪತ್ರ್ಯಾಗ ಮಾಡು" ಎಂದ ಗಂಡ. ಕಣ್ಣು ಕೆಂಪಾಗಿತ್ತು. "ಮನ್ಯಾಗ ಒಂದ್ಸಲರ ನನ್ನ ಮಾತ ಕೇಳು."

ಶಿವಲೀಲಾ ಹೂಂ ಎಂದುಬಿಟ್ಟರು. ರೋಗಿಗೆ ಹೇಳಬೇಡಿ ಎಂದು ಕೈಹಿಡಿದು ಬೇಡಿಕೊಂಡ ಸಾವಿರ ಮಕ್ಕಳನ್ನು ಅವರು ಕಂಡಿದ್ದರು, ಪ್ರತಿಸಲವೂ ಒಳಗೊಳಗೇ ಸಿಡಿಮಿಡಿಗೊಂಡಿದ್ದರು. ಈಗ ತಮ್ಮ ಮನೆಯಲ್ಲೇ ಆ ನಾಟಕಕ್ಕೆ ಪಾತ್ರಧಾರಿಯಾದರು. ಆ ಸಂಜೆ ಅತ್ತೆ ಚಹಾ ಒಂದು ಗುಟುಕು ಕುಡಿದು ಬಟ್ಟಲು ದೂಡಿದಾಗ, ಮರುಮಾತಾಡದೆ ಒಳಗೆ ಹೋಗಿ ಹೊಸದಾಗಿ ಮಾಡಿಕೊಂಡು ಬಂದು ಕೊಟ್ಟರು. ನೀಲಗಂಗವ್ವ ಸೊಸೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸುಮ್ಮನೆ ಕುಡಿದಳು.

ಸ್ವಂತದವರಿಗೆ ತಾವೇ ಅರಿವಳಿಕೆ ಕೊಡಬಾರದೆಂಬ ನಿಯಮ ಆ ಆಸ್ಪತ್ರೆಯಲ್ಲಿತ್ತು. ಆ ಕೆಲಸ ಜೊತೆಯ ವೈದ್ಯರದ್ದಾಯಿತು. ಗಸ್ತಿನ ಉಸ್ತುವಾರಿ ಮಾತ್ರ ಶಿವಲೀಲಾ ಅವರ ಕೈಯಲ್ಲೇ ಉಳಿಯಿತು. ಎಚ್ಚರದ ನಕ್ಷೆ ತೆಗೆಯುವ ದಿನ ಕಂಪನಿಯ ಎಂಜಿನಿಯರ್ ಫೈರೋಜ್ ಪಟ್ಟಿ ಅಂಟಿಸಿದ. ಒಂದು ಕಡೆ ಮಗ, ಇನ್ನೊಂದು ಕಡೆ ಮಗಳು ಕುರ್ಚಿ ಎಳೆದುಕೊಂಡು ಕುಳಿತರು. ನಮ್ಮ ಕಡೆ ರೋಗಿಯನ್ನು ಒಂಟಿಯಾಗಿ ಮಾತನಾಡಿಸುವುದೆಂದರೆ ಹುಲಿಯ ಬಾಯಿಗೆ ಕೊಟ್ಟ ಹಾಗೆ.

"ಅಮ್ಮಾರ, ಆಸ್ಪತ್ರೆಗೆ ಯಾಕ ಬಂದೀರಿ?" ಎಂದು ಫೈರೋಜ್ ಕೇಳಿದ.

"ಕರುಳಿನಾಗ ಸಣ್ಣ ಗಂಟ ಐತ್ರಿ" ಎಂದ ಬಸವಪ್ರಭು.

"ಸರ, ಅವ್ರ ಹೇಳಬೇಕ್ರಿ."

"ಅವ್ರಿಗೆ ಏನ್ ಗೊತ್ತಾಗತೈತ್ರಿ, ನಾವ ಹೇಳತೇವಿ ತಗೋರಿ" ಎಂದಳು ಸುವರ್ಣಾ.

ನೀಲಗಂಗವ್ವ ಮಗನನ್ನು ನೋಡಿದಳು, ಮಗಳನ್ನು ನೋಡಿದಳು. ಮುಖದಲ್ಲಿ ಏನೋ ಒಂದು ಇಳಿದುಹೋಯಿತು. "ಹೌದ್ರಿ, ನನಗೇನ್ ತಿಳೀತೈತಿ" ಎಂದಳು. ಆಮೇಲೆ ಯಾವ ಪ್ರಶ್ನೆ ಕೇಳಿದರೂ ಅಷ್ಟೇ. ಮನೆಯ ವಿಷಯ ಕೇಳಿದರೆ "ಪ್ರಭುನ ಕೇಳ್ರಿ." ಸಿಟ್ಟು ಯಾವಾಗ ಬರುತ್ತದೆಂದರೆ "ಸಿಟ್ಟ ಎಲ್ಲೀದ್ರಿ." ದಿನ, ವಾರ, ನೂರರಿಂದ ಹಿಂದಕ್ಕೆ ಎಣಿಸುವುದು, ಎಲ್ಲವನ್ನೂ ತಡವರಿಸುತ್ತ ಹೇಳಿದಳು.

ಮುಗಿದ ಮೇಲೆ ಫೈರೋಜ್ ಶಿವಲೀಲಾ ಅವರನ್ನು ಪಕ್ಕಕ್ಕೆ ಕರೆದ. "ಮ್ಯಾಡಮ್, ನಕ್ಷೆ ಭಾಳ ಮಂಕ ಬಂದೈತ್ರಿ. ಇನ್ನೊಮ್ಮೆ ಅವ್ರೊಬ್ರನ್ನ ಕೂಡಿಸಿ ಕೇಳೂಣೇನ್ರಿ?"

ಶಿವಲೀಲಾ ಅವರಿಗೂ ಹಾಗೇ ಅನಿಸಿತು. ಆದರೆ ಒಬ್ಬಳನ್ನೇ ಕೂಡಿಸಿದರೆ ಅತ್ತೆ ತಿರುಗಿ ಪ್ರಶ್ನೆ ಕೇಳುತ್ತಾಳೆ. ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆ. ಆ ಹೆಂಗಸಿನ ಕಣ್ಣಿಗೆ ಕಣ್ಣಿಟ್ಟು ಸುಳ್ಳು ಹೇಳುವುದು ಅವರಿಂದಾಗದ ಮಾತು. "ಅಂಜ್ಯಾರ, ವಯಸ್ಸೂ ಆಗೈತಿ. ಮುದ್ರೆ ಹಾಕು" ಎಂದುಬಿಟ್ಟರು.

ಒಮ್ಮೆ ಮುದ್ರೆ ಬಿದ್ದರೆ ರೋಗಿಯ ಕಡೆಯ ಒಪ್ಪಿಗೆಯಿಲ್ಲದೆ ನಕ್ಷೆಯನ್ನು ಯಾರೂ ತಿದ್ದುವಂತಿಲ್ಲ. ಫಲಿತಾಂಶ ಚೆನ್ನಾಗಿ ಕಾಣಲೆಂದು ಯಾರಾದರೂ ಕೈಚಳಕ ತೋರಿಸಿಯಾರೆಂದು ಆ ನಿಯಮ ಬರೆದವರು ಸ್ವತಃ ಶಿವಲೀಲಾ. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ.

ಆಪರೇಷನ್ ಚೆನ್ನಾಗಿಯೇ ಆಯಿತು. ಗಂಟು ಪೂರ್ತಿ ಬಂತು. ಶಸ್ತ್ರವೈದ್ಯ ಪಾಟಣಕರ ಕೈಗವಸು ಕಿತ್ತೆಸೆದು, "ಬೆಣ್ಣ್ಯಾಗಿನ ಕೂದಲಾ ತಗದಂಗ ಆತು ನೋಡ್ರಿ ಮೇಡಮ್" ಎಂದರು. ಬಸವಪ್ರಭು ಅವರಿಗೆ ಶಾಲು ಹೊದಿಸಿದ.

ನೀಲಗಂಗವ್ವ ಕಣ್ಣು ಬಿಟ್ಟಳು. ಮಗನನ್ನು ಗುರುತಿಸಿದಳು, ಮಗಳನ್ನು ಗುರುತಿಸಿದಳು, ದಿನ ವಾರ ಹೇಳಿದಳು. ಕೂಗಾಡಲಿಲ್ಲ, ನಳಿಕೆ ಕೀಳಲಿಲ್ಲ. ಪಕ್ಕದ ಹಾಸಿಗೆಯ ಮುದುಕ, ಗಸ್ತು ಹಾಕಿಸಿಕೊಳ್ಳದವನು, ತನ್ನ ಎತ್ತು ಕಳುವಾಗಿದೆಯೆಂದು ನರ್ಸಮ್ಮಂದಿರ ಮೇಲೆ ರೇಗುತ್ತಿದ್ದ. ಈಕೆ ಮಾತ್ರ ತಣ್ಣಗೆ ಮಲಗಿ ಛಾವಣಿ ನೋಡುತ್ತಿದ್ದಳು. ಯಂತ್ರದ ಮೇಲೆ ಹಸಿರು ದೀಪ. ನಕ್ಷೆಗೆ ನೂರಕ್ಕೆ ತೊಂಬತ್ತೆಂಟು ಪಾಲು ತಾಳೆ.

"ಅವ್ವ ಎಷ್ಟ ಶಾಂತ ಆಗ್ಯಾಳ ನೋಡ" ಎಂದ ಬಸವಪ್ರಭು ಸಂತೋಷದಿಂದ. "ನಿನ್ನ ಯಂತ್ರಕ್ಕ ಕೈಮುಗೀಬೇಕ."

ಶಿವಲೀಲಾ ಅತ್ತೆಗೆ ಗುಟುಕು ಗುಟುಕಾಗಿ ಕುಡಿಯಲು ಅನುಮತಿ ಸಿಕ್ಕಿದ ದಿನ ಆಸ್ಪತ್ರೆಯ ಕ್ಯಾಂಟೀನಿನಿಂದ ಚಹಾ ತಂದಿದ್ದರು. ಆ ಕ್ಯಾಂಟೀನಿನ ಚಹಾವನ್ನು ಅಲ್ಲಿನ ಸಿಬ್ಬಂದಿಯೂ ಕುಡಿಯುವುದಿಲ್ಲ. ನೀಲಗಂಗವ್ವ ಕುಡಿದಳು. "ಚಲೋ ಐತಿ" ಎಂದಳು.

ಶಿವಲೀಲಾ ಬಟ್ಟಲು ಇಸಿದುಕೊಂಡು ತಾವೇ ಒಂದು ಗುಟುಕು ಕುಡಿದು ನೋಡಿದರು. ಅದೇ ಕೆಟ್ಟ ಚಹಾ.

ಕರುಳಿನ ಆಪರೇಷನ್ ಆದವರ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಗಾಳಿ ಹೋಯಿತೇ? ಹೊಟ್ಟೆಯಿಂದ ಗಾಳಿ ಹೋದರೆ ಕರುಳು ಎದ್ದಿದೆಯೆಂದು ಅರ್ಥ. ಪಾಟಣಕರರು ದಿನಾ ಬಂದು ಕೇಳುತ್ತಿದ್ದರು. ಬೈಲಹೊಂಗಲದ ಬೀಗರು ಫೋನ್ ಮಾಡಿ, ನಾಚಿಕೆಯಿಲ್ಲದೆ, ಅದನ್ನೇ ಕೇಳುತ್ತಿದ್ದರು. ನೀಲಗಂಗವ್ವನ ಕರುಳು ಮಾತ್ರ ಏಳಲಿಲ್ಲ. ಏಳುವುದಾದರೂ ಹೇಗೆ? ಗಸ್ತಿನ ಔಷಧ ಕರುಳನ್ನೂ ಜೋಂಪು ಹತ್ತಿಸುತ್ತದೆ. ಕರುಳು ಏಳುವ ತನಕ ಗಸ್ತು ತೆಗೆಯುವಂತಿಲ್ಲ, ಗಸ್ತು ತೆಗೆಯುವ ತನಕ ಕರುಳು ಏಳುವುದಿಲ್ಲ. ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಶಿವಲೀಲಾ ಕೇಳಿದ್ದೇ ಅತ್ತೆಯ ಬಾಯಲ್ಲಿ.

ಹನಿ ಇಷ್ಟೊಂದು ಯಾಕೆ ಬೀಳುತ್ತಿದೆಯೆಂಬುದು ಗೊತ್ತಾದದ್ದು ಒಂದು ಮಧ್ಯಾಹ್ನ. ಸುವರ್ಣಾ ಹಾಸಿಗೆಯ ಪಕ್ಕ ಕುಳಿತು ಮೋಸಂಬಿ ಸುಲಿಯುತ್ತ ಅತ್ತಿಗೆಗೆ ಊರ ಸುದ್ದಿ ಹೇಳುತ್ತಿದ್ದಳು. "ಅಣ್ಣಿಗೇರಿ ಹಳ್ಯಾಳ ಮನಿತನದ ಹುಡುಗಿನ್ನ ನಮ್ಮ ಮೈದುನಗ ನೋಡಾಕತ್ತೇವಿ ವೈನಿ. ನಮ್ಮ ಮಾವಗ ಅಣ್ಣತಮ್ಮಂದಿರ ಆಗೂ ಕುಂದಗೋಳದ ಹಳ್ಯಾಳ ಅವ್ರ ಬ್ಯಾರೆ, ಇವ್ರ ಬ್ಯಾರೆ ಅಂತ."

ಹಾಸಿಗೆಯ ಮೇಲೆ ಏನೋ ಅಲ್ಲಾಡಿತು. ನೀಲಗಂಗವ್ವನ ಕಣ್ಣು ಛಾವಣಿಯಿಂದ ಕೆಳಗಿಳಿದು ಮಗಳ ಮೇಲೆ ನಿಂತಿತ್ತು. ಆ ಕಣ್ಣನ್ನು ಶಿವಲೀಲಾ ಬಲ್ಲರು. ಅದೆಷ್ಟು ಮದುವೆಗಳನ್ನು ನಿಲ್ಲಿಸಿದ ಕಣ್ಣು ಅದು. ತುಟಿ ತೆರೆಯಿತು. "ಬ್ಯಾರೆ ಅಲ್ಲ..." ಎಂದಳು ಮುದುಕಿ, ಗಂಟಲು ಕೆರೆದ ದನಿಯಲ್ಲಿ. "ಅವ್ರ ಅಜ್ಜ ನಿಮ್ಮ ಮಾವನ..."

ಯಂತ್ರದೊಳಗೆ ಟಿಕ್ ಎಂದಿತು. ಒಂದು ಹನಿ. ಮತ್ತೆ ಟಿಕ್. ನೀಲಗಂಗವ್ವನ ಕಣ್ಣಿನ ಬೆಳಕು ಇಳಿಯಿತು, ತುಟಿ ಹಾಗೇ ಅರ್ಧ ತೆರೆದು ನಿಂತಿತು.

"ಏನಂದಿ ಅವ್ವಾ?" ಎಂದಳು ಸುವರ್ಣಾ.

"ನನಗೇನ್ ತಿಳೀತೈತಿ" ಎಂದಳು ನೀಲಗಂಗವ್ವ. ಹಸಿರು ದೀಪ ಮಿನುಗಿತು.

ಶಿವಲೀಲಾ ಎದ್ದು ನೆಟ್ಟಗೆ ಕೆಳಗಿನ ಮಹಡಿಯ ನಿಯಂತ್ರಣ ಕೊಠಡಿಗೆ ಓಡಿದರು. ಫೈರೋಜ್ ಊಟದ ಡಬ್ಬಿ ಬಿಚ್ಚಿದ್ದ. "ಆಪರೇಷನ್ ಆದಾಗಿನಿಂದ ಇಲ್ಲೀತನಕ ಎಲ್ಲಾ ತಗಿ" ಎಂದರು. ಪರದೆಯ ಮೇಲೆ ಗೆರೆ ಓಡಿತು. ಗೆರೆ ಮೇಲೆದ್ದ ಕಡೆಯಲ್ಲೆಲ್ಲ ಕೆಳಗೆ ಹನಿಯ ಗುರುತು. ಏಳುವುದು, ಹನಿ, ಬೀಳುವುದು. ಮತ್ತೆ ಏಳುವುದು, ಹನಿ, ಬೀಳುವುದು. ಆ ಹೆಂಗಸು ಅಷ್ಟೂ ದಿನ ಎದ್ದು ಬರಲು ಹೆಣಗಾಡಿದ್ದಳು, ಶಿವಲೀಲಾ ಎಂಟು ವರ್ಷ ಬೆವರು ಸುರಿಸಿ ಕಟ್ಟಿದ ಯಂತ್ರ ಪ್ರತಿಸಲವೂ ಆಕೆಯ ತಲೆ ಹಿಡಿದು ಒಳಗೆ ಅದುಮಿತ್ತು.

"ಯಂತ್ರ ತಪ್ಪ ಮಾಡಿಲ್ರಿ ಮ್ಯಾಡಮ್" ಎಂದ ಫೈರೋಜ್ ಮೆಲ್ಲಗೆ. "ನಾವ್ ಕೊಟ್ಟ ನಕ್ಷೇನ ಕಾಯಾಕತ್ತೈತಿ. ಅವ್ರ ಹುಷಾರಾದ್ರ ಅದಕ್ಕ ಭ್ರಮಿ ಅಂತ ಕಾಣತೈತಿ."

"ಗೊತ್ತೈತೋ ಮಾರಾಯಾ! ಹೊಸಾ ನಕ್ಷೆ ತಗೀಬೇಕಂದ್ರ ಏನ್ ಮಾಡಬೇಕು, ಅದನ್ನ ಹೇಳು."

"ನೀವ ಬರದೀರಲ್ರಿ. ರೋಗಿ ಒಪ್ಪಿಗಿ ಕೊಡಬೇಕು. ರೋಗಿಗೆ ತನ್ನ ರೋಗ ಗೊತ್ತಿಲ್ಲಂದ್ರ ಅವ್ರ ಪರವಾಗಿ ಮೊದಲ ಸಹಿ ಮಾಡಿದವ್ರು ಕೊಡಬೇಕು." ಅವನು ತಡೆದು ಹೇಳಿದ, "ಅಂದ್ರ ನಿಮ್ಮ ಯಜಮಾನ್ರು."

ಪಾಟಣಕರರ ಹತ್ತಿರ ಹೋದರು. ಪಾಟಣಕರ ಗೆರೆಯನ್ನು ನೋಡಲೇ ಇಲ್ಲ. "ತೊಂಬತ್ತೆಂಟ ತಾಳೆ ಬಂದೈತಿ ಅಂದ್ರ ನೀವ್ ಅಳಕೋತ ಬಂದೀರಲ್ಲ ಮೇಡಮ್! ಮುಂದಿನ ತಿಂಗಳ ಸಮ್ಮೇಳನದಾಗ ಇದನ್ನ ತೋರಸೂಣು. ಮುದುಕ್ಯಾರು ಶಾಂತ ಇದ್ದಾರ, ದಿನಾ ವಾರಾ ಹೇಳತಾರ, ಮತ್ತೇನ್ ಬೇಕು?"

"ಚಾ ಚಲೋ ಐತಿ ಅಂದ್ರು ಸರ್ ಅವ್ರು."

"ಏನು?"

"ಕ್ಯಾಂಟೀನ್ ಚಾ."

ಪಾಟಣಕರ ಅವರನ್ನು ಮೇಲಿಂದ ಕೆಳಗೆ ನೋಡಿ, "ನೀವ್ ಒಂದೆರಡ ದಿನ ರಜಾ ತಗೋರಿ" ಎಂದರು. ಶಿವಲೀಲಾ ಬಾಗಿಲು ದಡಾರನೆ ಹಾಕಿ ಹೊರಬಂದರು. ಇಷ್ಟು ವರ್ಷ ಓದಿದ್ದು, ಬರೆದದ್ದು, ಅಳೆದದ್ದೆಲ್ಲ ಕೈಕೊಟ್ಟು, ಕೊನೆಗೆ ಕೈಯಲ್ಲಿ ಉಳಿದ ಪುರಾವೆ ಒಂದು ಬಟ್ಟಲು ಕೆಟ್ಟ ಚಹಾ. ಅದನ್ನು ಯಾವ ಸಮ್ಮೇಳನದಲ್ಲಿ ಇಡುವುದು?

ಮನೆಯಲ್ಲಿ ಗಂಡ ಉಪ್ಪಿಟ್ಟು ಮಾಡಿಕೊಂಡಿದ್ದ. ಅವ್ವನಿಲ್ಲದ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆಯೆಂದು ತಿಳಿಯದೆ ಹಾಗೇ ತಿನ್ನುತ್ತಿದ್ದ. ಶಿವಲೀಲಾ ಎಲ್ಲವನ್ನೂ ಬಿಡಿಸಿ ಹೇಳಿದರು. ಅವನು ಕೇಳಿದ, ಕೇಳಿ ತಟ್ಟೆ ಬದಿಗಿಟ್ಟ.

"ಹೊಸಾ ನಕ್ಷೆ ತಗೀಬೇಕಂದ್ರ ಅವ್ವಗ ರೋಗದ ಹೆಸರ ಹೇಳಬೇಕು. ಹೌದಿಲ್ಲೋ?"

"ಹೌದು. ಮುಚ್ಚಿಟ್ಟ ಮಾತಾಡಿಸಿದ್ರ ಮತ್ತ ಅದ ಮಂಕ ನಕ್ಷೆ ಬರತೈತ್ರಿ."

"ಹಂಗಾರ ಬ್ಯಾಡ. ಅಕಿ ಈಗ ನೆಮ್ಮದಿಯಿಂದ ಅದಾಳ. ನೋವಿಲ್ಲ, ಚಿಂತಿಲ್ಲ."

"ಅಕಿನ ಇಲ್ರೀ ಅಲ್ಲಿ!" ಶಿವಲೀಲಾ ಅವರ ದನಿ ಒಡೆಯಿತು. "ಹಾಸಗಿ ಮ್ಯಾಲ ಇರೂದ ಅತ್ತಿ ಅಲ್ಲ. ಅವತ್ತ ನಿಮ್ಮ ಎದುರಿಗೆ ಕುಂತು ಹೂಂ ಹೂಂ ಅಂದ್ರಲ್ಲ, ಆ ನಾಟಕಾನ ಹಿಡದ ಮಲಗಸಿಟ್ಟೇವಿ. ದಿನಾ ಹೆಚ್ಚಾದಂಗ ಮಿದುಳು ಅದಕ್ಕ ಒಗ್ಗಿಕೊಳ್ತೈತಿ. ಆಮ್ಯಾಲ ಯಂತ್ರ ಕಿತ್ತರೂ ಅವ್ರು ತಿರುಗಿ ಬರೂದಿಲ್ಲ."

ಬಸವಪ್ರಭು ಎದ್ದು ಕೈ ತೊಳೆದುಕೊಂಡು ಬಂದ. ಆಮೇಲೆ, "ನಮ್ಮಪ್ಪಗ ಹೇಳಿದ್ರು" ಎಂದ. "ಡಾಕ್ಟರ್ ಮಾರಿ ಮುಂದನ ಹೇಳಿದ್ರು. ಅವತ್ತಿನಿಂದ ಅಪ್ಪ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದವ ತಿರಗಲೇ ಇಲ್ಲ. ನಾ ಸಹಿ ಮಾಡೂದಿಲ್ಲ ಶಿವಲೀಲಾ. ಕೈ ಬರೂದಿಲ್ಲ ನನಗ."

ಶಿವಲೀಲಾ ತಟ್ಟೆ ಎತ್ತಿ ಒಳಗಿಟ್ಟರು. ಗಂಡನ ಮೇಲೆ ಸಿಟ್ಟು ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅದೂ ಬರಲಿಲ್ಲ, ಅದಕ್ಕೂ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಸುವರ್ಣಾ ಸ್ನಾನಕ್ಕೆಂದು ಮನೆಗೆ ಹೋಗಿದ್ದಳು. ಶಿವಲೀಲಾ ವಾರ್ಡಿಗೆ ಬಂದು ಹಾಸಿಗೆಯ ಸುತ್ತಲಿನ ಬಟ್ಟೆಯ ಪರದೆ ಎಳೆದರು. ರೋಗಿಯ ಮೈ ಒರೆಸುವಾಗ ಗಸ್ತು ಗಾಬರಿಯಾಗದಿರಲೆಂದು ಯಂತ್ರಕ್ಕೊಂದು ತಡೆಗುಂಡಿ ಇತ್ತು. ಒತ್ತಿದರೆ ಅರ್ಧ ತಾಸು ಹನಿ ನಿಲ್ಲುತ್ತದೆ, ಆಮೇಲೆ ತಾನಾಗಿ ಶುರುವಾಗುತ್ತದೆ. ಬೇಗ ಇಳಿಯುವ ಔಷಧ ಅದು. ಒತ್ತಿದರು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೀಲಗಂಗವ್ವ ನಿಧಾನವಾಗಿ ಕತ್ತು ಹೊರಳಿಸಿದಳು. ಯಂತ್ರದ ಪರದೆಯ ಮೇಲಿನ ಗೆರೆ ಏಳತೊಡಗಿತು, ದೀಪ ಕೆಂಪಾಯಿತು. ಯಂತ್ರ ಹನಿ ಬಿಡಲಾಗದೆ ಕುಂಯ್‌ಗುಟ್ಟಿತು.

"ಅತ್ತಿ" ಎಂದರು ಶಿವಲೀಲಾ. ಸಾವಿರ ಜನರಿಗೆ ಹೇಳಿದ ಮಾತು ಒಬ್ಬಳಿಗೆ ಹೇಳಲು ಬರುತ್ತಿರಲಿಲ್ಲ. "ನಿಮಗ ಆಗಿದ್ದು ಬರೇ ಗಂಟ ಅಲ್ರಿ. ಕ್ಯಾನ್ಸರ್."

ನೀಲಗಂಗವ್ವ ಸೊಸೆಯನ್ನೇ ನೋಡಿದಳು. "ಗೊತ್ತೈತಿ" ಎಂದಳು.

"ಯಾರ್ ಹೇಳಿದ್ರು?"

"ಯಾರ್ ಹೇಳಬೇಕ?" ದನಿ ಕ್ಷೀಣವಾಗಿತ್ತು, ಆದರೆ ಅದು ಅವಳದೇ ದನಿ. "ಚಾ ಚಲೋ ಇಲ್ಲ ಅಂದ್ರ ಮತ್ತ ಮಾಡಿಕೊಂಡು ಬಂದೆಲ್ಲ ನೀ. ಒಂದ ಮಾತ ಆಡಲಿಲ್ಲ. ಇಪ್ಪತ್ತನಾಲ್ಕ ವರ್ಷದಾಗ ಎಂದರ ಹಂಗ ಮಾಡೀಯೇನ? ಆವಾಗ ತಿಳೀತು, ಇದು ದೊಡ್ಡದ ಐತಿ ಅಂತ."

ಶಿವಲೀಲಾ ಹಾಸಿಗೆಯ ಅಂಚಿನಲ್ಲಿ ಕುಳಿತರು.

"ಪ್ರಭು ಅಳಕೋತ ಕುಂತಿದ್ದ" ಎಂದಳು ಮುದುಕಿ. "ಅಪ್ಪ ಸತ್ತಾಗಿಂದ ಅಂವಗ ಆ ಹೆಸರ ಕೇಳಿದ್ರ ಆಗಂಗಿಲ್ಲ. ನನಗ ಗೊತ್ತಿಲ್ಲ ಅಂದ್ರ ಅಂವಗ ಸಮಾಧಾನ. ಆತು, ಗೊತ್ತಿಲ್ಲ ಅಂದೆ. ಅದರಾಗೇನ ಹೋತು? ಆದ್ರ ಶಿವಲೀಲಾ..." ಉಸಿರು ತೆಗೆದುಕೊಂಡಳು. "ನೀನೂ ಹೇಳಲಿಲ್ಲಲ್ಲವಾ. ನನ್ನ ಮಾರಿಗೆ ಹೊಡದಂಗ ಮಾತಾಡಾಕಿ ನೀ ಒಬ್ಬಾಕಿ ಅದೀ ಅಂತ ತಿಳಕೊಂಡಿದ್ದೆ. ದಿನಾ ದಾರಿ ನೋಡಿದೆ, ಇವತ್ತ ಹೇಳತಾಳ, ನಾಳಿಗೆ ಹೇಳತಾಳ ಅಂತ."

ಶಿವಲೀಲಾ ಅವರಿಗೆ ಅಳು ಬಂತು. ವಾರ್ಡಿನಲ್ಲಿ ಅಳಬಾರದೆಂಬ ನಿಯಮವನ್ನು ಕಿರಿಯ ವೈದ್ಯರಿಗೆ ಕಲಿಸುತ್ತಿದ್ದವರು ಅವರೇ. ಅತ್ತೆಯ ಕೈ ಹಿಡಿದುಕೊಂಡು ಅತ್ತರು.

"ಒಳಗ ಒಂಥರಾ ಆಗತೈತಿ" ಎಂದಳು ನೀಲಗಂಗವ್ವ ಹಣೆಯ ಪಟ್ಟಿ ಮುಟ್ಟಿಕೊಂಡು. "ಮಾತ ಬಾಯಿತನಕ ಬರತಾವ, ಯಾರೋ ಬಾಗಲಾ ಹಾಕಿದಂಗ ಆಗತೈತಿ. ಆ ಸುವರ್ಣಾಗ ಹೇಳು, ಹಳ್ಯಾಳ ಅವ್ರಿಬ್ರೂ ಒಂದ ಬೆಡಗ. ಅಣ್ಣತಮ್ಮಂದಿರ ಆಗಬೇಕು ಅವ್ರು ಅಕಿ ಗಂಡನ ಮನಿಗೆ. ಸುಡುಗಾಡ, ಲಗ್ನ ಮಾಡಿ ಗೀಡ್ಯಾರು."

ಶಿವಲೀಲಾ ಅಳುತ್ತಲೇ ನಕ್ಕರು. ಯಂತ್ರದ ಕಡೆ ನೋಡಿದರು. ಅರ್ಧ ತಾಸು ಮುಗಿಯುತ್ತ ಬಂದಿತ್ತು. ಯಂತ್ರ ಏನು, ನಕ್ಷೆ ಏನು, ಆ ಬಾಗಿಲು ಹಾಕುತ್ತಿರುವುದು ಯಾರು, ಎಲ್ಲವನ್ನೂ ಗಡಿಬಿಡಿಯಲ್ಲಿ ಹೇಳಿದರು. "ಈಗ ನಿಮಗ ರೋಗ ಗೊತ್ತೈತಿ. ಇನ್ನ ಮಗನ ಸಹಿ ಬೇಕಿಲ್ಲ, ನೀವ ಒಪ್ಪಿದ್ರ ಸಾಕು. ಮುದ್ರಿ ತಗದು ಹೊಸಾ ನಕ್ಷೆ ಬರೀತೇವಿ. ಆದ್ರ ಮೊದಲನೇ ಪ್ರಶ್ನೆಗೆ ನೀವ ಖರೇ ಉತ್ತರ ಹೇಳಬೇಕು."

ನೀಲಗಂಗವ್ವ ಹೂಂ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ಪರದೆ ಸರಿಯಿತು. ಬಸವಪ್ರಭು ಎಳನೀರು ಹಿಡಿದು ನಿಂತಿದ್ದ. "ಹ್ಯಾಂಗದೀ ಅವ್ವಾ? ಗಾಳಿ ಹೋತೇನು?"

ನೀಲಗಂಗವ್ವನ ಮುಖ ಒಮ್ಮೆಲೇ ಸಡಿಲವಾಯಿತು. ಕಣ್ಣು ಛಾವಣಿಗೆ ಹೋಯಿತು. "ಆರಾಮ ಅದೇನಪಾ" ಎಂದಳು, ಅದೇ ಮಂಕು ದನಿಯಲ್ಲಿ. ಪರದೆಯ ಮೇಲಿನ ಗೆರೆ ತಾನಾಗಿ ಕೆಳಗಿಳಿಯಿತು. ಒಂದು ಹನಿ ಔಷಧವೂ ಬಿದ್ದಿರಲಿಲ್ಲ. ಹಸಿರು ದೀಪ ಹತ್ತಿತು.

ಶಿವಲೀಲಾ ಆ ಹಸಿರು ದೀಪವನ್ನು ನೋಡಿದರು. ಇಷ್ಟು ದಿನ ಯಂತ್ರದ ಮೇಲೆ, ಪಾಟಣಕರರ ಮೇಲೆ, ತಮ್ಮ ಮೇಲೆ ಕುದಿದದ್ದೆಲ್ಲ ಒಂದೇ ಸಲಕ್ಕೆ ಉಕ್ಕಿ ಬಂತು. ಎದ್ದು ಕುರ್ಚಿ ಎಳೆದರು. "ಕೂಡ್ರಿ" ಎಂದರು ಗಂಡನಿಗೆ, ಎಳನೀರು ಕಸಿದುಕೊಂಡು. "ಮಾತಾಡಬ್ಯಾಡ್ರಿ." ಮುದ್ರೆ ತೆಗೆದು, ನಕ್ಷೆ ಬರೆಯುವ ಗುಂಡಿ ಒತ್ತಿ, ಅತ್ತೆಯ ಕಡೆ ತಿರುಗಿದರು.

"ನಿಮ್ಮ ಹೆಸರೇನ್ರಿ? ಆಸ್ಪತ್ರೆಗೆ ಯಾಕ ಬಂದೀರಿ?"

"ಶಿವಲೀಲಾ, ಏನ್ ಹಚ್ಚೀದಿ" ಎಂದು ಬಸವಪ್ರಭು ಎದ್ದ. "ಕರುಳಿನಾಗ ಸಣ್ಣ..."

ನೀಲಗಂಗವ್ವ ಮಗನನ್ನು ನೋಡಿದಳು. ನಲವತ್ತೊಂಬತ್ತು ವರ್ಷದ ಮಗ, ತಲೆ ನೆರೆತಿದೆ, ಕೆಳತುಟಿ ಆಗಲೇ ನಡುಗುತ್ತಿದೆ. ಯಂತ್ರದಲ್ಲಿ ತಡೆಯ ಅವಧಿ ಮುಗಿಯುವ ಸೂಚನೆ ಕೂಗತೊಡಗಿತು. ಶಿವಲೀಲಾ ನಳಿಕೆಯನ್ನು ಬೆರಳಲ್ಲಿ ಮಡಚಿ ಹಿಡಿದು ನಿಂತರು, ಒತ್ತಾಯ ಮಾಡಲಿಲ್ಲ.

ಮುದುಕಿ ಸೂಜಿ ಚುಚ್ಚಿದ ಕೈಯನ್ನು ಎತ್ತಿ ಮಗನ ಕಡೆ ಅಡ್ಡ ಹಿಡಿದಳು.

"ನೀ ಕುಂಡ್ರೋ ತಮ್ಮಾ. ಕೇಳಿದ್ದ ನನ್ನ." ಆಮೇಲೆ ಒಂದೊಂದೇ ಮಾತು ಹೇಳಿದಳು. "ನನ್ನ ಹೆಸರ ನೀಲಗಂಗವ್ವ. ನನಗ ಕ್ಯಾನ್ಸರ್ ಆಗೈತಿ. ಅದಕ್ಕ ಬಂದೇನಿ."

ಬಸವಪ್ರಭು ಕುರ್ಚಿಯಲ್ಲಿ ಕುಸಿದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹುಡುಗನಂತೆ ಬಿಕ್ಕಿದ. ನೀಲಗಂಗವ್ವ ಗೋಡೆಯ ಕಡೆ ತಿರುಗಲಿಲ್ಲ. ಎತ್ತಿದ ಕೈಯನ್ನು ಅವನ ತಲೆಯ ಮೇಲಿಟ್ಟಳು, ಕಣ್ಣಲ್ಲಿ ನೀರು ತುಂಬಿತ್ತು, ಹಾಗೇ ಸೊಸೆಯನ್ನು ನೋಡಿದಳು.

"ಅಂವ ಅಳಲಿ ಬಿಡು" ಎಂದಳು. "ನೀ ಮುಂದಿಂದ ಕೇಳು."